ಕೂತಲ್ಲೇ ಇರಿ ಅನ್ನಬೇಡಿ: ಡಿಮೆನ್ಶಿಯಾ ಇರುವ ಹಿರಿಯರ ಆಯ (ಮೈಯ ಸಮತೋಲನ) ಕಾಪಾಡುವ ಬಗೆ

ಮನೆಯ ಹಿರಿಯರು ಒಮ್ಮೆ ಬಿದ್ದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: "ಏಳಬೇಡಿ, ಅಲ್ಲೇ ಕೂತಿರಿ." ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವವರಂತೂ ಈ ಮಾತನ್ನು ದಿನವಿಡೀ ಕೇಳುತ್ತಾರೆ. ಹೇಳುವವರದು ಪ್ರೀತಿಯೇ, ಭಯವೇ. ಆದರೆ ಫಿಸಿಯೋಥೆರಪಿಸ್ಟ್ ಆಗಿ ಮನೆಮನೆಗೆ ಹೋಗುವ ನಾನು ಕಂಡದ್ದು ಬೇರೆ. ಕೂರಿಸಿದ ಮಾತ್ರಕ್ಕೆ ಬೀಳುವುದು ನಿಲ್ಲುವುದಿಲ್ಲ. ವಾರ ಕಳೆದಂತೆ ತೊಡೆಯ ಬಲ ಇಳಿಯುತ್ತದೆ. ಏಳಬಾರದು ಅನ್ನುವುದೂ ಅವರಿಗೆ ಮರೆತುಹೋಗುತ್ತದೆ. ಆಮೇಲೆ ಒಂದು ದಿನ, ಯಾರೂ ಇಲ್ಲದ ಹೊತ್ತಲ್ಲಿ, ಬಲ ಇಲ್ಲದ ಕಾಲಿನ ಮೇಲೆ ಎದ್ದು ನಿಲ್ಲುತ್ತಾರೆ.

ಅದೇ ವಯಸ್ಸಿನ ಬೇರೆಯವರಿಗಿಂತ ಡಿಮೆನ್ಶಿಯಾ ಇರುವವರು ಸುಮಾರು ಎರಡು ಪಟ್ಟು ಜಾಸ್ತಿ ಬೀಳುತ್ತಾರೆ. ಇದಕ್ಕೆ ಮದ್ದು ಕೂರಿಸುವುದಲ್ಲ, ಹುಷಾರಾಗಿ ನಿಲ್ಲಿಸುವುದು. ಅದನ್ನು ಮನೆಯಲ್ಲಿ ವ್ಯಾಯಾಮದ ಮೂಲಕ ಹೇಗೆ ಮಾಡಬೇಕು ಅಂತ ಇಲ್ಲಿ ಹೇಳುತ್ತೇನೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಈ ವ್ಯಾಯಾಮದಿಂದ ಹೋದ ನೆನಪು ವಾಪಸ್ ಬರುವುದಿಲ್ಲ. ಬ್ರಿಟನ್‌ನಲ್ಲಿ ಡಿಮೆನ್ಶಿಯಾ ಇದ್ದವರಿಗೆ ಜೋರಾದ ವ್ಯಾಯಾಮ ಮಾಡಿಸಿ ನೋಡಿದ ದೊಡ್ಡ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಮೈಗೆ ಕಸುವು ಬಂತು, ಮರೆವು ಮಾತ್ರ ತಗ್ಗಲಿಲ್ಲ. ಆದರೆ ಬೀಳುವ ವಿಷಯ ಬೇರೆ. ಫಿನ್‌ಲೆಂಡ್‌ನಲ್ಲಿ ಸಂಗಾತಿಯ ಜೊತೆ ಮನೆಯಲ್ಲೇ ಇದ್ದ 210 ಮಂದಿ ಆಲ್ಝೈಮರ್ (ಡಿಮೆನ್ಶಿಯಾದ ಒಂದು ಬಗೆ) ರೋಗಿಗಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಹೊರಬಂತು. ಕೆಲವರಿಗೆ ವಾರಕ್ಕೆ ಎರಡು ಸಲ, ಒಂದೊಂದು ಗಂಟೆಯಂತೆ, ಒಂದು ವರ್ಷ ಮನೆಯಲ್ಲೇ ವ್ಯಾಯಾಮ ಮಾಡಿಸಿದ್ದರು. ಅವರು ಉಳಿದವರಿಗಿಂತ ಕಡಿಮೆ ಬಿದ್ದರು. ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಶಕ್ತಿಯೂ ಅವರಲ್ಲಿ ಉಳಿದವರಷ್ಟು ಬೇಗ ಕುಗ್ಗಲಿಲ್ಲ. ನಾವು ಆಸೆಪಡಬೇಕಾದ್ದು ಇಷ್ಟಕ್ಕೆ. ಇದು ಸಣ್ಣದಲ್ಲ.

ಆಯ ಯಾಕೆ ತಪ್ಪುತ್ತದೆ

ನಾವು ನಿಂತಾಗ ಮೂರು ಕಡೆಯಿಂದ ಮೆದುಳಿಗೆ ಸುದ್ದಿ ಹೋಗುತ್ತಿರುತ್ತದೆ: ಕಣ್ಣಿನಿಂದ, ಒಳಗಿವಿಯಿಂದ, ಅಂಗಾಲು ಮತ್ತು ಕೀಲುಗಳಿಂದ. ಮೆದುಳು ಮೂರನ್ನೂ ಸೇರಿಸಿ, ಯಾವ ಸ್ನಾಯು ಎಷ್ಟು ಬಿಗಿಯಬೇಕು ಅಂತ ಕ್ಷಣದಲ್ಲಿ ತೀರ್ಮಾನಿಸುತ್ತದೆ. ಡಿಮೆನ್ಶಿಯಾದಲ್ಲಿ ಈ ಸೇರಿಸುವ ಕೆಲಸ ತಡವಾಗುತ್ತದೆ. ಎಡವಿದ ಕಾಲನ್ನು ಸರಿಪಡಿಸಿಕೊಳ್ಳುವ ಹೊತ್ತಿಗೆ ಮೈ ಅರ್ಧ ವಾಲಿರುತ್ತದೆ.

ಕಣ್ಣಿಗೆ ಕಂಡದ್ದನ್ನು ಅರ್ಥ ಮಾಡಿಕೊಳ್ಳುವುದೂ ಕೆಡುತ್ತದೆ. ನೆಲದ ಮೇಲಿನ ಕಪ್ಪು ಚಾಪೆ ಗುಂಡಿಯಂತೆ ಕಾಣಬಹುದು. ಹೊಳೆಯುವ ನೆಲ ನೀರಿನಂತೆ ಕಾಣಬಹುದು. ಅವರು ಅದನ್ನು ದಾಟಲು ಹೆದರಿ ನಿಂತರೆ ಹಟ ಅಂದುಕೊಳ್ಳಬೇಡಿ.

ಇನ್ನೊಂದು ಸಂಗತಿ ಗಮನದ್ದು. ನಮಗೆ ನಡಿಗೆ ತಾನಾಗಿ ಸಾಗುತ್ತದೆ, ಅವರಿಗೆ ಅದಕ್ಕೂ ಮನಸ್ಸು ಕೊಡಬೇಕಾಗುತ್ತದೆ. ಸ್ವೀಡನ್‌ನ ಸಂಶೋಧಕರು 1997ರಲ್ಲಿ ಒಂದು ಸರಳ ಸಂಗತಿ ಬರೆದರು. ನಡೆಯುವಾಗ ಯಾರಾದರೂ ಮಾತಾಡಿಸಿದರೆ ನಿಂತುಬಿಡುವ ಹಿರಿಯರು, ಮುಂದಿನ ಆರು ತಿಂಗಳಲ್ಲಿ ಬೀಳುವ ಸಾಧ್ಯತೆ ಜಾಸ್ತಿ. ನಿಮ್ಮ ಮನೆಯಲ್ಲೂ ಒಮ್ಮೆ ಗಮನಿಸಿ. ಅವರು ನಿಂತು ಉತ್ತರ ಕೊಡುತ್ತಾರೆ ಅಂದರೆ, ನಡೆಸುವಾಗ ನೀವು ಸುಮ್ಮನಿರಬೇಕು.

ಇಷ್ಟೆಲ್ಲ ಹೋದರೂ ಒಂದು ಉಳಿದಿರುತ್ತದೆ. ಬೆಳಗ್ಗೆ ಯಾರು ಬಂದಿದ್ದರು ಅನ್ನುವ ನೆನಪು ಒಂದು ಬಗೆ. ಕುರ್ಚಿಯಿಂದ ಏಳುವುದು, ಬಟ್ಟೆ ಮಡಚುವುದು, ತಾಳಕ್ಕೆ ಕಾಲು ಹಾಕುವುದು, ಇವು ಇನ್ನೊಂದು ಬಗೆಯ ನೆನಪು. ಇವಕ್ಕೆ ಮೆದುಳಿನಲ್ಲಿ ಬೇರೆ ಜಾಗಗಳಿವೆ. ಆಲ್ಝೈಮರ್ ಕಾಯಿಲೆ ಅಲ್ಲಿಗೆ ತಡವಾಗಿ ತಲುಪುತ್ತದೆ. ನಾವು ಕಲಿಸುವುದು ಆ ಬಾಗಿಲಿನಿಂದ. ವ್ಯಾಯಾಮ ಮಾಡಿದ್ದು ಅವರಿಗೆ ನೆನಪಿರಲಿಕ್ಕಿಲ್ಲ, ಕಾಲಿಗೆ ನೆನಪಿರುತ್ತದೆ.

1. ಮೊದಲು ವೈದ್ಯರ ಹತ್ತಿರ

ಬೀಳುವುದಕ್ಕೆಲ್ಲ ಡಿಮೆನ್ಶಿಯಾವೇ ಕಾರಣ ಅಂದುಕೊಂಡರೆ ಸುಲಭವಾಗಿ ಸರಿಪಡಿಸಬಹುದಾದ್ದು ತಪ್ಪಿಹೋಗುತ್ತದೆ. ವೈದ್ಯರಿಗೆ ಇಷ್ಟನ್ನು ಕೇಳಿ.

ಮಲಗಿದಾಗ ಮತ್ತು ಎದ್ದು ನಿಂತಾಗ ಬಿಪಿ ನೋಡಲಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ, ಅವರು ಬೀಳುವುದಕ್ಕೆ ಅದೂ ಒಂದು ಕಾರಣ ಇರಬಹುದು. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಿದ್ದೆ ಮಾತ್ರೆ, ಗಾಬರಿ ತಗ್ಗಿಸುವ ಮಾತ್ರೆ, ರೇಗಾಟಕ್ಕೆ ಕೊಡುವ ಮಾತ್ರೆ, ಬಿಪಿ ಮಾತ್ರೆ ಇವೆಲ್ಲ ಆಯ ತಪ್ಪಿಸಬಲ್ಲವು. ಮರೆವಿಗೆಂದೇ ಕೊಡುವ ಡೊನೆಪೆಝಿಲ್ ಕೆಲವರಲ್ಲಿ ಎದೆಬಡಿತ ನಿಧಾನ ಮಾಡಿ ತಲೆಸುತ್ತು ತರುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಕೇಳಿ ಅಷ್ಟೇ. ಕಣ್ಣು, ಕಿವಿ, ಪಾದದ ಉಗುರು, ಆಣಿ ಇವನ್ನೂ ತೋರಿಸಿ.

ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ತೂರಾಡಿದರೆ ವ್ಯಾಯಾಮ ಬಿಡಿ, ಅವತ್ತೇ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಹೇಳಲಾಗದ ನೋವು, ಪಾರ್ಶ್ವವಾಯು, ಏನಾದರೂ ಇರಬಹುದು.

2. ಈಗ ಹೇಗಿದ್ದಾರೆ ಅಂತ ಅಳೆಯಿರಿ

ಫಿಸಿಯೋಥೆರಪಿಸ್ಟ್ ಒಮ್ಮೆಯಾದರೂ ನೋಡಲೇಬೇಕು. ಯಾವ ವ್ಯಾಯಾಮ ಸರಿ, ಯಾವುದು ಬೇಡ ಅಂತ ಎದುರಿಗೆ ನಿಂತು ನೋಡಿದವರೇ ಹೇಳಬಲ್ಲರು. ಅವರು ಮಾಡುವ ಎರಡು ಪರೀಕ್ಷೆ ನಿಮಗೂ ಗೊತ್ತಿದ್ದರೆ ಒಳ್ಳೆಯದು.

ಒಂದು, ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಡಿಮೆನ್ಶಿಯಾ ಇದ್ದವರು ನಡುವೆ ಎಲ್ಲಿಗೆ ಹೋಗಬೇಕು ಅನ್ನುವುದನ್ನೇ ಮರೆಯಬಹುದು. ಹಾಗಾಗಿ ನಾನು ಗಡಿಯಾರಕ್ಕಿಂತ ಕಾಲನ್ನು ಜಾಸ್ತಿ ನೋಡುತ್ತೇನೆ. ತಿರುಗುವಾಗ ಕಾಲಿಗೆ ಕಾಲು ಸಿಕ್ಕುತ್ತದಾ? ಕುರ್ಚಿ ಇನ್ನೂ ದೂರ ಇರುವಾಗಲೇ ಕೂರಲು ಹೋಗುತ್ತಾರಾ? ಏಳುವಾಗ ಹಿಂದಕ್ಕೆ ವಾಲುತ್ತಾರಾ?

ಎರಡು, ಪಾದ ಜೋಡಿಸಿ ನಿಲ್ಲುವುದು, ಆಮೇಲೆ ಒಂದು ಪಾದ ಅರ್ಧ ಮುಂದೆ, ಆಮೇಲೆ ಒಂದರ ಮುಂದೆ ಒಂದು ನೇರವಾಗಿ. ಈ ಮೂರನೆಯದರಲ್ಲಿ 10 ಸೆಕೆಂಡು ನಿಲ್ಲಲು ಆಗದಿದ್ದರೆ ಆಯ ಸಾಲದು. ಯಾವುದಕ್ಕೂ ಪಕ್ಕದಲ್ಲಿ ಕೈ ಚಾಚಿಕೊಂಡೇ ನಿಂತಿರಿ.

ಕಂಡದ್ದನ್ನು ತಾರೀಕು ಹಾಕಿ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ನೋಡಿ.

3. ಜಾಗ, ಹೊತ್ತು, ನಿಮ್ಮ ನಿಲುವು

ದಿನವೂ ಅದೇ ಜಾಗ, ಅದೇ ಹೊತ್ತು, ಅದೇ ಕ್ರಮ. ಹೊಸತನ ನಮಗೆ ಖುಷಿ, ಅವರಿಗೆ ಗಾಬರಿ. ಹೆಚ್ಚಿನವರಿಗೆ ಬೆಳಗಿನ ಹೊತ್ತು ಮನಸ್ಸು ತಿಳಿಯಾಗಿರುತ್ತದೆ. ಸಂಜೆಯಾಗುತ್ತಾ ಚಡಪಡಿಕೆ ಹೆಚ್ಚುವವರೂ ಇದ್ದಾರೆ, ಅಂಥವರಿಗೆ ಆ ಹೊತ್ತು ಬೇಡ. ಶುರು ಮಾಡುವ ಮೊದಲು ಶೌಚಕ್ಕೆ ಹೋಗಿಬರಲಿ. ಟಿವಿ ಆರಿಸಿ.

ಹಿಂದೆ ಗೋಡೆ ಅಥವಾ ಗೋಡೆಯ ಮೂಲೆ, ಮುಂದೆ ಅಲುಗಾಡದ ಭಾರದ ಕುರ್ಚಿ ಅಥವಾ ಕಟ್ಟೆ ಇರಲಿ. ಚಕ್ರದ ಕುರ್ಚಿ ಬೇಡವೇ ಬೇಡ. ಹಿಮ್ಮಡಿ ಮುಚ್ಚುವ, ತೆಳು ತಳದ, ಜಾರದ ಶೂ ಹಾಕಿಸಿ. ಬರೀ ಸಾಕ್ಸ್ ಜಾರುತ್ತದೆ, ಸಡಿಲ ಚಪ್ಪಲಿ ಕಳಚುತ್ತದೆ.

ನೀವು ನಿಲ್ಲಬೇಕಾದ್ದು ಅವರ ಬಲಹೀನ ಬದಿಯಲ್ಲಿ, ತುಸು ಹಿಂದೆ. ಒಂದು ಕೈ ಸೊಂಟದ ಬೆಲ್ಟ್ ಮೇಲೆ. ಇದಕ್ಕೆಂದೇ ಅಗಲ ಪಟ್ಟಿಯ ಬೆಲ್ಟ್ ಸಿಗುತ್ತದೆ, ಹಿಡಿಯುವುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತುಕೊಳ್ಳಿ. ತೋಳು ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಭುಜ ಕಳಚಬಹುದು. ಎಳೆದ ಕೂಡಲೇ ಅವರು ಹಿಂದಕ್ಕೆ ಜಗ್ಗುತ್ತಾರೆ, ಅಲ್ಲಿಗೆ ಇಬ್ಬರ ಆಯವೂ ತಪ್ಪುತ್ತದೆ.

4. ಹೇಳುವ ರೀತಿ

ಇಡೀ ಬರಹದಲ್ಲಿ ಒಂದೇ ಭಾಗ ಓದಲು ಸಮಯ ಇದ್ದರೆ ಇದನ್ನು ಓದಿ. ವ್ಯಾಯಾಮ ಕೆಡುವುದು ಕಾಲಿನಿಂದ ಅಲ್ಲ, ನಮ್ಮ ಮಾತಿನಿಂದ.

ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬ ಅಜ್ಜಿಗೆ ನಾನು ಹೇಳುತ್ತಿದ್ದೆ: "ಬಲಗಾಲು ಮುಂದಿಡಿ, ಎಡಗೈ ಮೇಲೆತ್ತಿ, ಹತ್ತು ಎಣಿಸುವವರೆಗೆ ಹಾಗೇ ಇರಿ." ಅವರು ನನ್ನ ಮುಖ ನೋಡುತ್ತಾ ನಿಂತರು. ನಾನು ಮತ್ತೆ ಹೇಳಿದೆ, ಇನ್ನಷ್ಟು ಜೋರಾಗಿ. ಅವರ ಕಣ್ಣಲ್ಲಿ ನೀರು ಬಂತು. ಏನೋ ತಪ್ಪು ಮಾಡುತ್ತಿದ್ದೇನೆ ಅಂತ ಅವರಿಗೆ ಗೊತ್ತಾಗುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ. ಮರುದಿನ ಮಡಚಿದ ಒಂದು ಟವೆಲ್ ಕೊಟ್ಟು, "ಇದನ್ನ ಆ ಮೇಲಿನ ಹಲಗೆ ಮೇಲೆ ಇಟ್ಟುಬಿಡ್ತೀರಾ ಅಜ್ಜಿ?" ಅಂದೆ. ಒಂದು ಕಾಲು ಮುಂದಿಟ್ಟರು, ಹಿಮ್ಮಡಿ ಎತ್ತಿದರು, ಕೈ ಚಾಚಿ ಇಟ್ಟರು. ನಾನು ಕೇಳಿದ್ದೆಲ್ಲ ಆಗಿತ್ತು. ಅಂದಿನಿಂದ ನಾನು ವ್ಯಾಯಾಮ ಹೇಳುವುದನ್ನು ಬಿಟ್ಟು ಕೆಲಸ ಕೊಡುವುದನ್ನು ಕಲಿತೆ.

ಹಿಂದಿನಿಂದ ಹೋಗಿ ಮುಟ್ಟಬೇಡಿ. ಎದುರಿಗೆ ಬನ್ನಿ, ಕಣ್ಣಿಗೆ ಕಣ್ಣು ಸೇರಿಸಿ, ಅವರನ್ನು ಯಾವಾಗಲೂ ಕರೆಯುವಂತೆ ಅಪ್ಪ, ಅಮ್ಮ, ಅಜ್ಜ ಅಂತ ಕರೆಯಿರಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ: "ಎದ್ದೇಳಿ ಅಪ್ಪ." ಹೇಳಿ ಕಾಯಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಹತ್ತು ಸೆಕೆಂಡು ಕಾಯಲಾರದೆ ನಾವು ಎರಡನೇ ಸಲ ಬೇರೆ ಮಾತಲ್ಲಿ ಹೇಳುತ್ತೇವೆ. ಅವರ ಮೆದುಳು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಮತ್ತೆ ಹೇಳಲೇಬೇಕಾದರೆ ಅದೇ ಮಾತು, ಅದೇ ದನಿ.

ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. ಎದುರಿಗೆ ನಿಂತು ನೀವೇ ಮಾಡಿ, ಅವರು ನೋಡಿ ಮಾಡುತ್ತಾರೆ. "ಹಾಗಲ್ಲ, ತಪ್ಪು" ಅನ್ನಬೇಡಿ. ತಪ್ಪಿ ತಪ್ಪಿ ಕಲಿಯುವುದು ನಮಗೆ ಸರಿ, ಅವರಿಗೆ ತಪ್ಪೇ ಅಭ್ಯಾಸವಾಗಿ ಕೂರುತ್ತದೆ. ಹಾಗಾಗಿ ತಪ್ಪಾಗುವ ಮೊದಲೇ ಕೈಯಿಂದ ಮೆಲ್ಲಗೆ ದಾರಿ ತೋರಿಸಿ.

5. ವ್ಯಾಯಾಮಗಳು

*ಕೂತು ಏಳುವುದು.* ಒಂದೇ ಒಂದು ಮಾಡಿಸಲು ಸಾಧ್ಯ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಕೈಹಿಡಿ ಇರುವ, ಮಂಡಿಯಷ್ಟು ಎತ್ತರದ ಕುರ್ಚಿ ಬೇಕು. ಮೊದಲು ಕುರ್ಚಿಯ ಅಂಚಿಗೆ ಸರಿಯಲಿ. ಪಾದ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಬರಲಿ. ಆಮೇಲೆ ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಬಹಳ ಮಂದಿ ಈ ಬಾಗುವುದನ್ನು ಬಿಟ್ಟು ನೇರ ಮೇಲಕ್ಕೆ ಏಳಲು ಹೋಗಿ ಹಿಂದಕ್ಕೆ ಬೀಳುತ್ತಾರೆ. ಎದುರಿಗೆ ಒಂದು ಸ್ಟೂಲ್ ಮೇಲೆ ವಸ್ತು ಇಟ್ಟು, "ಅದನ್ನ ಕೊಡ್ತೀರಾ?" ಅಂದರೆ ಮೈ ತಾನಾಗಿ ಬಾಗುತ್ತದೆ. ಕೂರುವಾಗ ಕಾಲಿನ ಹಿಂಬದಿಗೆ ಕುರ್ಚಿ ತಾಗಿದೆ ಅಂತ ಖಾತ್ರಿಯಾಗಬೇಕು, ಕೈ ಕೈಹಿಡಿಗೆ ಹೋಗಬೇಕು, ಆಮೇಲೆ ನಿಧಾನ ಕೂರಬೇಕು. ಐದು ಸಲದಿಂದ ಶುರು ಮಾಡಿ. ಊಟಕ್ಕೆ, ಶೌಚಕ್ಕೆ ಹೇಗೂ ಏಳುತ್ತಾರಲ್ವಾ? ಪ್ರತಿ ಸಲ ಒಂದರ ಬದಲು ಎರಡು ಸಲ ಎಬ್ಬಿಸಿ, ಲೆಕ್ಕ ಅಲ್ಲೇ ಸೇರುತ್ತದೆ.

*ಭಾರ ಬದಲಿಸುವುದು.* ಕಟ್ಟೆ ಹಿಡಿದು, ಪಾದ ಅಗಲಿಸಿ ನಿಂತು, ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ಓಲಾಡುವುದು. ಅವರು ಬಲ್ಲ ಹಾಡು ಹಾಕಿ. ತಾಳ ಇದ್ದರೆ ಹೇಳುವುದೇ ಬೇಕಿಲ್ಲ.

*ಪಾದ ಹತ್ತಿರ ತರುವುದು.* ಕಟ್ಟೆಯನ್ನು ಎರಡು ಕೈಯಿಂದ ಹಿಡಿದು ನಿಲ್ಲುವುದು, ಆಮೇಲೆ ಒಂದು ಕೈಯಿಂದ, ಆಮೇಲೆ ಬೆರಳ ತುದಿಯಿಂದ ಮಾತ್ರ. ಪಾದಗಳೂ ಹಾಗೇ ಹಂತಹಂತವಾಗಿ ಹತ್ತಿರ ಬರಲಿ. ಎರಡನ್ನೂ ಒಟ್ಟಿಗೆ ಕಷ್ಟ ಮಾಡಬೇಡಿ. ಕಣ್ಣು ಮುಚ್ಚಿಸುವುದು ಮನೆಯಲ್ಲಿ ಬೇಡ.

*ಚಾಚಿ ತೆಗೆಯುವುದು.* ನಿಂತಲ್ಲೇ ಬಟ್ಟೆ ಕ್ಲಿಪ್‌ಗಳನ್ನು ಒಂದು ಹಗ್ಗದಿಂದ ಇನ್ನೊಂದಕ್ಕೆ ಹಾಕುವುದು, ಬಲಬದಿಯ ಬುಟ್ಟಿಯಿಂದ ಎಡಬದಿಗೆ ಬಟ್ಟೆ ಇಡುವುದು, ಗಿಡಕ್ಕೆ ನೀರು ಹಾಕುವುದು. ಅವರು ಜೀವನವೆಲ್ಲ ಮಾಡಿದ ಕೆಲಸ ಯಾವುದು ಅಂತ ಯೋಚಿಸಿ. ಬಡಗಿಯಾಗಿದ್ದವರಿಗೆ ಹಲಗೆ ಉಜ್ಜಲು ಕೊಡಿ, ಶಿಕ್ಷಕರಾಗಿದ್ದವರಿಗೆ ಬೋರ್ಡ್ ಒರೆಸಲು ಕೊಡಿ. ಕೈ ಮೈಯಿಂದ ದೂರ ಹೋದಷ್ಟೂ ಆಯಕ್ಕೆ ಕೆಲಸ ಸಿಗುತ್ತದೆ.

*ಪಕ್ಕಕ್ಕೆ, ಹಿಂದಕ್ಕೆ ಹೆಜ್ಜೆ.* ಆಯ ತಪ್ಪಿದಾಗ ಕಾಪಾಡುವುದು ಒಂದು ಚುರುಕು ಹೆಜ್ಜೆ. ಅದನ್ನು ಕಲಿಸಬೇಕು. ಕಟ್ಟೆ ಹಿಡಿದು ಅದರುದ್ದಕ್ಕೂ ಪಕ್ಕಕ್ಕೆ ನಡೆಸಿ. ಅದು ಸರಿಯಾದ ಮೇಲೆ ಎರಡೆರಡು ಹೆಜ್ಜೆ ಹಿಂದಕ್ಕೆ. ಹಿಂದಕ್ಕೆ ನಡೆಸುವಾಗ ನೀವು ಬೆನ್ನ ಹಿಂದೆ, ಕೈ ಬೆಲ್ಟ್ ಮೇಲೆ.

*ತಿರುಗುವುದು.* ನೇರ ನಡೆಯುವಾಗ ಮಾತ್ರ ಅಲ್ಲ, ತಿರುಗುವಾಗಲೂ ತುಂಬಾ ಜನ ಬೀಳುತ್ತಾರೆ. ನಿಂತಲ್ಲೇ ಗಿರ್ರನೆ ತಿರುಗುವ ಬದಲು ಒಂದು ಕುರ್ಚಿ ಇಟ್ಟು ಅದರ ಸುತ್ತ ಅಗಲವಾಗಿ, ಸಣ್ಣ ಹೆಜ್ಜೆಯಲ್ಲಿ ಬಳಸಿ ಬರಲಿ. ದಿನವೂ ಎರಡೂ ದಿಕ್ಕಿಗೆ.

ಹಿಮ್ಮಡಿ ಎತ್ತಿ ಇಳಿಸುವುದು, ನಿಂತಲ್ಲೇ ಮಂಡಿ ಎತ್ತುವುದು ಇವನ್ನೂ ಸೇರಿಸಬಹುದು. ನಡೆಯುತ್ತಾ ಮಾತಾಡುವ, ನಡೆಯುತ್ತಾ ವಸ್ತು ಒಯ್ಯುವ ಅಭ್ಯಾಸವನ್ನು ಫಿಸಿಯೋಥೆರಪಿಸ್ಟ್ ಎದುರಿಗೆ ಇದ್ದಾಗಲೇ ಶುರು ಮಾಡಿ.

6. ಎಷ್ಟು, ಎಲ್ಲಿಯವರೆಗೆ

65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಆಯ ಮತ್ತು ಬಲದ ವ್ಯಾಯಾಮ ಮಾಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಡಿಮೆನ್ಶಿಯಾ ಇದ್ದವರಿಗೆ ಒಂದೇ ಸಲ ಅರ್ಧ ಗಂಟೆ ಕಷ್ಟ. ಹತ್ತು ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ ಮಾಡಿಸಿ.

ಸರಿಯಾದ ಮಟ್ಟ ಯಾವುದು ಅಂತ ಕೇಳುತ್ತಾರೆ. ಸ್ವಲ್ಪ ಓಲಾಡಬೇಕು, ಆದರೆ ಗಾಬರಿಯಿಂದ ನಿಮ್ಮನ್ನು ಗಟ್ಟಿಯಾಗಿ ಹಿಡಿಯಬಾರದು. ಓಲಾಟವೇ ಇಲ್ಲದಿದ್ದರೆ ಆಯ ಕಲಿಯುತ್ತಿಲ್ಲ ಅಂತ ಅರ್ಥ. ಬರೀ ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸುವುದರಿಂದ ನಿಲ್ಲುವ ಆಯ ಬರುವುದಿಲ್ಲ. ನಿಲ್ಲಲು ಆಗುವವರನ್ನು ನಿಲ್ಲಿಸಿಯೇ ಮಾಡಿಸಬೇಕು.

ಎದೆನೋವು, ತಲೆಸುತ್ತು, ಮಾತಾಡಲಾಗದಷ್ಟು ಏದುಸಿರು, ಮುಖ ಬಿಳಿಚುವುದು ಕಂಡರೆ ಕೂರಿಸಿ, ಅಲ್ಲಿಗೆ ನಿಲ್ಲಿಸಿ. ನೋವು ಅಂತ ಅವರು ಹೇಳದೇ ಇರಬಹುದು. ಹುಬ್ಬು ಗಂಟಿಕ್ಕುವುದು, ಕೈ ತಳ್ಳುವುದು, ಒಂದು ಕಾಲಿಗೆ ಭಾರ ಬಿಡದಿರುವುದು ಅವರ ಮಾತು.

ಬೇಡ ಅಂದ ದಿನ ವಾದ ಮಾಡಬೇಡಿ. ಹೊರಗೆ ಹೋಗಿ, ಕಾಲು ಗಂಟೆ ಬಿಟ್ಟು ಹೊಸದಾಗಿ ಬನ್ನಿ. "ವ್ಯಾಯಾಮ ಮಾಡೋಣ" ಬದಲು "ನನ್ ಜೊತೆ ಕಿಟಕಿ ಹತ್ರ ಬರ್ತೀರಾ?" ಅನ್ನಿ. ಆಗಲೂ ಬೇಡ ಅಂದರೆ ಬಿಟ್ಟುಬಿಡಿ, ನಾಳೆ ಇದೆ.

7. ಕಾಯಿಲೆಯ ಬಗೆ ನೋಡಿ

ಲೂಯಿ ಬಾಡಿ ಡಿಮೆನ್ಶಿಯಾದಲ್ಲಿ ಮೈ ಬಿಗಿಯಾಗುತ್ತದೆ, ಹೆಜ್ಜೆ ಸಣ್ಣದಾಗುತ್ತದೆ, ನಿಂತಾಗ ಬಿಪಿ ಇಳಿಯುತ್ತದೆ. ಒಂದೇ ದಿನದಲ್ಲಿ ಹುಷಾರು, ಮಂಕು ಎರಡೂ ಇರುತ್ತದೆ. ಇವರನ್ನು ಮಲಗಿದಲ್ಲಿಂದ ಎಬ್ಬಿಸಿದ ಮೇಲೆ ಹಾಸಿಗೆಯ ಅಂಚಲ್ಲಿ ಕೆಲವು ನಿಮಿಷ ಕೂರಿಸಿ, ಪಾದ ಆಡಿಸಿ, ಆಮೇಲೆ ನಿಲ್ಲಿಸಿ. ನೆಲದ ಮೇಲೆ ಬಣ್ಣದ ಟೇಪ್ ಅಡ್ಡಡ್ಡ ಅಂಟಿಸಿದರೆ ಕೆಲವರಲ್ಲಿ ಹೆಜ್ಜೆ ದೊಡ್ಡದಾಗುತ್ತದೆ. ಆ ಗೆರೆಗೇ ಹೆದರಿದರೆ ಕಿತ್ತುಹಾಕಿ. ಮೆದುಳಿನ ರಕ್ತನಾಳದ ತೊಂದರೆಯಿಂದ ಬಂದ ಡಿಮೆನ್ಶಿಯಾದಲ್ಲಿ ನಡಿಗೆ ಬೇಗನೇ ಕೆಡುತ್ತದೆ, ಅವರಿಗೆ ವ್ಯಾಯಾಮವೂ ಬೇಗ ಶುರುವಾಗಬೇಕು. ದುಡುಕು ಸ್ವಭಾವ ಹೆಚ್ಚಿಸುವ ಫ್ರಂಟೊಟೆಂಪೊರಲ್ ಬಗೆಯಲ್ಲಿ ಕಾಲಿಗಿಂತ ಅವಸರವೇ ಬೀಳಿಸುತ್ತದೆ, ಕಣ್ಣಳತೆಯಲ್ಲೇ ಇರಬೇಕು.

ವಾಕರ್ ಬೇಕಾಗುತ್ತದೆ ಅನ್ನಿಸಿದರೆ ಬೇಗ ತನ್ನಿ. ಕಾಯಿಲೆ ಮುಂದುವರಿದ ಮೇಲೆ ಹೊಸ ಸಾಧನ ಕಲಿಯುವುದು ಕಷ್ಟ. ಬ್ರೇಕ್ ಹಾಕಲು ಮರೆಯುತ್ತಾರೆ, ಎತ್ತಿಕೊಂಡೇ ನಡೆಯುತ್ತಾರೆ. ಅಂಥ ಹಂತದಲ್ಲಿ ವಾಕರ್ ಅಪಾಯವನ್ನೇ ಹೆಚ್ಚಿಸಬಹುದು.

8. ಬಿದ್ದರೆ

ತಕ್ಷಣ ಎತ್ತಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಹತ್ತಿರ ಮೂಳೆ ಮುರಿದಿರಬಹುದು. ಅಲುಗಾಡಿಸದೆ ಆಂಬುಲೆನ್ಸ್ ಕರೆಯಿರಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಚೆನ್ನಾಗಿದ್ದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ತಲೆಯೊಳಗಿನ ರಕ್ತಸ್ರಾವ ಕೆಲವೊಮ್ಮೆ ದಿನಗಳು, ವಾರಗಳು ಕಳೆದ ಮೇಲೂ ಗೊತ್ತಾಗುತ್ತದೆ. ಹೆಚ್ಚು ನಿದ್ದೆ, ವಾಂತಿ, ಹೊಸ ಗೊಂದಲ ಬಂದರೆ ತಡಮಾಡಬೇಡಿ.

ಏನೂ ಆಗಿಲ್ಲ ಅಂತ ಖಾತ್ರಿಯಾದರೆ ಎಬ್ಬಿಸುವ ಕ್ರಮ ಹೀಗೆ: ಪಕ್ಕಕ್ಕೆ ಹೊರಳಿ, ಕೈ ಮಂಡಿ ಊರಿ, ಎದುರಿನ ಕುರ್ಚಿಯ ಮೇಲೆ ಕೈಯಿಟ್ಟು, ಒಂದು ಪಾದ ಮುಂದಿಟ್ಟು ಮೇಲೇಳಲಿ. ಹಿಂದೆ ಇನ್ನೊಂದು ಕುರ್ಚಿ ತಂದಿಡಿ. ಆಮೇಲೆ ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಲು ಹೋಗಿ ಬಿದ್ದರು ಅಂತ ಬರೆದಿಡಿ. ನಾಲ್ಕೈದು ಸಲ ಬರೆದರೆ ಒಂದು ಜಾಡು ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಅದು ರಾತ್ರಿ ಶೌಚಕ್ಕೆ ಹೋಗುವ ದಾರಿ. ಅಲ್ಲಿ ಬೆಳಕು ಹಾಕಿ, ಹಾಸಿಗೆಯ ಎತ್ತರ ಸರಿಮಾಡಿ, ಮಲಗುವ ಮೊದಲು ಒಮ್ಮೆ ಕರೆದುಕೊಂಡು ಹೋಗಿ. ಏಳಬಾರದು ಅಂತ ಕಟ್ಟಿಹಾಕುವುದು ಮಾತ್ರ ಯಾವತ್ತೂ ಬೇಡ. ಬಿಡಿಸಿಕೊಳ್ಳಲು ಹೋಗಿ ಆಗುವ ಗಾಯ ಇನ್ನೂ ದೊಡ್ಡದು.

9. ನಿಲ್ಲಲು ಆಗದ ಹಂತದಲ್ಲಿ

ಒಂದು ದಿನ ನಿಲ್ಲುವುದು ಕಷ್ಟವಾಗುತ್ತದೆ. ಆಗ ಹಾಸಿಗೆಯ ಅಂಚಲ್ಲಿ ಪಾದ ನೆಲಕ್ಕೆ ಊರಿ ಕೂರಿಸಿ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಬೆನ್ನಿಗೆ ದಿಂಬು ಕೊಡದೆ ಒಂದು ನಿಮಿಷ, ಆಮೇಲೆ ಎರಡು ನಿಮಿಷ. ಅವರ ಕೈಗೆ ಎಟಕುವುದಕ್ಕಿಂತ ತುಸು ಆಚೆ ಒಂದು ಮೆತ್ತನೆ ಚೆಂಡು ಹಿಡಿಯಿರಿ. ಅವರು ಅದಕ್ಕಾಗಿ ಬಾಗಿ, ಮತ್ತೆ ನೆಟ್ಟಗಾಗುತ್ತಾರೆ. ತಾವಾಗಿ ಕೂರುವ ಶಕ್ತಿ ಇದ್ದಷ್ಟು ದಿನ ನೆಟ್ಟಗೆ ಕೂತು ನುಂಗಲು ಆಗುತ್ತದೆ, ಬಟ್ಟೆ ಬದಲಿಸುವುದು ಸುಲಭವಾಗುತ್ತದೆ, ಎದುರಿಗೆ ಬಂದವರ ಮುಖ ಕಾಣುತ್ತದೆ. ಮೊದಮೊದಲು ಭುಜ ನಿಮ್ಮ ಕಡೆಗೆ ವಾಲುತ್ತದೆ. ತಳ್ಳಬೇಡಿ. ಆ ಭಾರ ನಿಮ್ಮ ಮೇಲೆ ಇರಲಿ, ನಿಧಾನವಾಗಿ ಅವರೇ ನೆಟ್ಟಗಾಗುವವರೆಗೆ ಕಾಯಿರಿ.